ಕಾಫಿ ನಾಡಿನ ಹೋಂಸ್ಟೇಯಲ್ಲಿ ಸ್ಯಾಷೆ ಕಾಫಿ ಯಾಕೆ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹೋಂಸ್ಟೇಗಳ ಬಗ್ಗೆ ಪೇಪರಿನಲ್ಲಿ ಬರುವುದು ಹೆಚ್ಚಾಗಿ ಟ್ರಾಫಿಕ್, ಕಸ, ರಾತ್ರಿಯ ಡಿಜೆ ಗಲಾಟೆ, ನೋಂದಣಿ ಇಲ್ಲದ ಕಟ್ಟಡ, ಇಷ್ಟೇ. ಅವೆಲ್ಲ ಬರಲೇಬೇಕಾದ ಸುದ್ದಿಗಳು, ಬೇಡ ಅನ್ನುವುದಿಲ್ಲ. ಆದರೆ ಮನೆಗೆ ಬಂದು ಉಳಿದವರಿಗೆ ಬೆಳಗ್ಗೆ ನಾವು ಏನು ಕುಡಿಯಲು ಕೊಡುತ್ತೇವೆ, ಏನು ತಿನ್ನಲು ಕೊಡುತ್ತೇವೆ ಅನ್ನುವುದರ ಬಗ್ಗೆ ಯಾರೂ ಬರೆದದ್ದು ನಾನು ಕಂಡಿಲ್ಲ. ನಾನು ಮೂಡಿಗೆರೆ ತಾಲ್ಲೂಕಿನವಳು. ಮನೆಯವರ ಜೊತೆ ಸೇರಿ ತೋಟದ ಮನೆಯಲ್ಲೇ ಮೂರು ರೂಮಿನ ಸಣ್ಣ ಹೋಂಸ್ಟೇ ನಡೆಸುತ್ತಿದ್ದೇನೆ. ಅಡುಗೆಮನೆ ನನ್ನದೇ. ಹಾಗಾಗಿ ಈ ವಿಷಯ ಬರೆಯಲು ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ವಿಷಯ ಇಷ್ಟು. ಈಚೆಗೆ ನಮ್ಮ ಕಡೆಯೂ, ಸಕಲೇಶಪುರದ ಕಡೆಯೂ ಎಷ್ಟೋ ಹೋಂಸ್ಟೇಗಳಲ್ಲಿ ರೂಮಿನ ಮೂಲೆಯಲ್ಲಿ ಒಂದು ಟ್ರೇ ಇಟ್ಟುಬಿಡುತ್ತಾರೆ. ಅದರಲ್ಲಿ ಒಂದು ಎಲೆಕ್ಟ್ರಿಕ್ ಕೆಟಲ್, ಎರಡು ಇನ್‌ಸ್ಟಂಟ್ ಕಾಫಿ ಸ್ಯಾಷೆ, ಎರಡು ಟೀ ಬ್ಯಾಗು, ಹಾಲಿನ ಪುಡಿ, ಸಕ್ಕರೆ ಪೊಟ್ಟಣ. ಬೆಳಗಿನ ತಿಂಡಿ ಕೇಳಿದರೆ 'ಅದು ರೇಟಿನಲ್ಲಿ ಸೇರಿಲ್ಲ' ಅನ್ನುತ್ತಾರೆ, ಇಲ್ಲವೇ ಪೇಟೆಯ ಹೋಟೆಲಿನಿಂದ ಇಡ್ಲಿ ವಡೆ ಕಟ್ಟಿಸಿಕೊಂಡು ಬಂದು ಹಾಟ್ ಬಾಕ್ಸಿನಲ್ಲಿ ಇಡುತ್ತಾರೆ. ಕಿಟಕಿ ತೆಗೆದರೆ ಕಾಫಿ ಗಿಡ, ಮುಂದೆ ಕಣ, ಕಣದಲ್ಲಿ ಹಣ್ಣು ಒಣಗುತ್ತಿದೆ, ಒಳಗೆ ಅತಿಥಿ ಬಿಸಿನೀರಿಗೆ ಸ್ಯಾಷೆ ಹರಿದು ಸುರಿದುಕೊಳ್ಳುತ್ತಿದ್ದಾರೆ. ಇದು ನನಗೆ ತುಂಬಾ ಬೇಜಾರಾಗುವ ಸಂಗತಿ. ಹೋಂಸ್ಟೇ ಮಾಲೀಕರಾದ ಎಲ್ಲ ಅಣ್ಣಂದಿರಿಗೂ ಅಕ್ಕಂದಿರಿಗೂ ನನ್ನ ಒಂದೇ ಮನವಿ. ಮಧ್ಯಾಹ್ನದ ಊಟ, ರಾತ್ರಿಯ ಊಟ ಕೊಡಿ ಬಿಡಿ, ಅದು ನಿಮ್ಮ ಅನುಕೂಲ. ಬೆಳಗಿನ ಕಾಫಿ ಮತ್ತು ತಿಂಡಿ ಮಾತ್ರ ನಿಮ್ಮ ಮನೆಯ ಒಲೆಯಿಂದಲೇ ಬರಲಿ, ಅದರ ದುಡ್ಡು ರೂಮಿನ ಬಾಡಿಗೆಯಲ್ಲೇ ಸೇರಿರಲಿ.

ನಾವು ಯಾವ ಜಾಗದಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೇವೆ ಅನ್ನುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಸೂಫಿ ಸಂತ ಬಾಬಾಬುಡನ್ ಅವರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿಯ ಗಿರಿಯಲ್ಲಿ ನೆಟ್ಟರು ಅನ್ನುವ ಕತೆ 17ನೇ ಶತಮಾನದಿಂದ ಬಾಯಿಂದ ಬಾಯಿಗೆ ಬಂದಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಕರ್ನಾಟಕದ್ದೇ, ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳಿಂದ ಹೆಚ್ಚಾಗಿ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಬೇರೆ ಬೇರೆಯಾಗಿಯೇ ಜಿಐ ಟ್ಯಾಗ್ ಸಿಕ್ಕಿತು. ಅಂದರೆ ಈ ಮಣ್ಣು, ಈ ಎತ್ತರ, ಈ ನೆರಳಿನಲ್ಲಿ ಬೆಳೆದ ಕಾಫಿಗೆ ತನ್ನದೇ ಗುಣ ಇದೆ ಅಂತ ಸರ್ಕಾರವೇ ಒಪ್ಪಿ ಬರೆದುಕೊಟ್ಟಿದೆ. ಬೆಂಗಳೂರಿನಿಂದ ಐದಾರು ಗಂಟೆ ಗಾಡಿ ಓಡಿಸಿಕೊಂಡು ಬಂದವರು ಆ ಗುಣವನ್ನು ನಮ್ಮ ಮನೆಯಲ್ಲಿ ಕುಡಿಯದೆ ಇನ್ನೆಲ್ಲಿ ಕುಡಿಯಬೇಕು?

'ಖರ್ಚು ಜಾಸ್ತಿ' ಅನ್ನುವ ಮಾತು ಬರುತ್ತದೆ. ಲೆಕ್ಕ ಹಾಕೋಣ. ಒಂದು ಲೋಟ ಒಳ್ಳೆ ಫಿಲ್ಟರ್ ಕಾಫಿಗೆ 10 ಗ್ರಾಂ ಪುಡಿ ಸಾಕು, ಅಂದರೆ ಒಂದು ಕಿಲೋಗೆ 100 ಲೋಟ. ಪುಡಿ ಕಿಲೋಗೆ 800 ರೂಪಾಯಿ ಅಂತಲೇ ಹಿಡಿಯಿರಿ, ಲೋಟಕ್ಕೆ ಪುಡಿಯ ಖರ್ಚು 8 ರೂಪಾಯಿ. ಹಾಲಿಗೆ ಐದಾರು ರೂಪಾಯಿ, ಸಕ್ಕರೆ, ಗ್ಯಾಸು ಎಲ್ಲ ಸೇರಿಸಿದರೂ 20 ರೂಪಾಯಿ ದಾಟುವುದಿಲ್ಲ. ದಿನಕ್ಕೆ ಸಾವಿರಗಟ್ಟಲೆ ಬಾಡಿಗೆ ಕೊಡುವವರಿಗೆ ಬೆಳಗ್ಗೆ ಎರಡು ಲೋಟ, ಸಂಜೆ ಒಂದು ಲೋಟ ಕಾಫಿ ಕೊಟ್ಟರೆ ನಾವೇನೂ ಮುಳುಗುವುದಿಲ್ಲ ಅಲ್ವಾ? ಸ್ವಂತ ತೋಟ ಇರುವವರಿಗಂತೂ ಮನೆ ಬಳಕೆಗೆ ಅಂತ ಒಂದು ಮೂಟೆ ತೆಗೆದಿಟ್ಟುಕೊಂಡರೆ ಇನ್ನೂ ಸುಲಭ. ಎಲ್ಲವನ್ನೂ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿ, ಕೊನೆಗೆ ಯಾವುದೋ ಊರಿನಲ್ಲಿ ಪ್ಯಾಕ್ ಆದ ಪುಡಿಯನ್ನು ಅಂಗಡಿಯಿಂದ ತರುವ ಮನೆಗಳು ನಮ್ಮಲ್ಲಿ ಬಹಳ ಇವೆ. ಒಂದು ಚೀಲ ಉಳಿಸಿಕೊಳ್ಳಿ, ಪೇಟೆಯಲ್ಲಿ ಹುರಿದು ಪುಡಿ ಮಾಡಿಕೊಡುವವರು ಇದ್ದಾರೆ. ಒಮ್ಮೆಗೆ ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಪುಡಿ ಮಾಡಿಸಿ, ಡಬ್ಬಿ ಬಿಗಿಯಾಗಿ ಮುಚ್ಚಿಡಿ. ಪುಡಿ ಹಳೆಯದಾದ ಹಾಗೆ ಘಮ ಹೋಗಿಬಿಡುತ್ತದೆ.

ಚಿಕೋರಿ (ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ) ಬೆರೆಸಿದರೆ ತಪ್ಪೇನಿಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಅದೇ ರುಚಿ. ಕಾಯಿದೆ ಪ್ರಕಾರ ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಬೇಕು, ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ಬೆರೆಸಿದ್ದರೆ ಅತಿಥಿಗಳಿಗೆ ಹೇಳಿ ಕೊಡಿ. ಬೆರೆಸಿದ ಕಾಫಿಯನ್ನು 'ನಮ್ಮ ತೋಟದ ಪ್ಯೂರ್ ಕಾಫಿ' ಅಂತ ಮಾತ್ರ ಹೇಳಬೇಡಿ. ಗೊತ್ತಿರುವವರು ಒಂದು ಗುಟುಕಿಗೆ ಕಂಡುಹಿಡಿಯುತ್ತಾರೆ, ಆಮೇಲೆ ನೀವು ಹೇಳುವ ಉಳಿದ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಕೆಟಲ್ ವಿಚಾರಕ್ಕೆ ಬರುತ್ತೇನೆ. ನಾನು ಕೆಟಲ್ ವಿರೋಧಿ ಅಲ್ಲ. ಮಗುವಿಗೆ ಹಾಲಿನ ಪುಡಿ ಕಲಸಬೇಕು, ವಯಸ್ಸಾದವರಿಗೆ ರಾತ್ರಿ ಬಿಸಿನೀರು ಬೇಕು, ಆಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ನಮ್ಮ ಮಲೆನಾಡಿನಲ್ಲಿ ಜುಲೈ ಆಗಸ್ಟ್‌ನಲ್ಲಿ ಮರ ಬಿದ್ದು ಲೈನ್ ಹೋದರೆ ಎಷ್ಟು ಹೊತ್ತಿಗೆ ಕರೆಂಟು ಬರುತ್ತದೆ ಅಂತ ಲೈನ್‌ಮನ್‌ಗೂ ಹೇಳಲು ಆಗುವುದಿಲ್ಲ. ಕೆಟಲ್ ಎಳೆಯುವುದು ಸುಮಾರು 1500 ವಾಟ್. ಮನೆಗೆ ಹಾಕಿಸುವ ಸಾಮಾನ್ಯ ಇನ್ವರ್ಟರ್ ಅದನ್ನು ತಡೆಯುವುದಿಲ್ಲ, ಸ್ವಿಚ್ ಹಾಕಿದ ತಕ್ಷಣ ಓವರ್‌ಲೋಡ್ ಅಂತ ಕೂಗಿ ಲೈಟೂ ಹೋಗುತ್ತದೆ. ಸುರಿಯುವ ಮಳೆ, ಚಳಿ, ಫೋನಿಗೆ ಸಿಗ್ನಲ್ ಇಲ್ಲ, ರೂಮಿನಲ್ಲಿ ಒಂದು ಲೋಟ ಬಿಸಿನೀರೂ ಇಲ್ಲ ಅಂದರೆ ಬಂದವರ ಗತಿ ಏನು? ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರಿಗೆ ಕರೆಂಟು ಬೇಡ.

ಬೆಳಗ್ಗೆ ಐದೂವರೆಗೆ ಪುಡಿ ಹಾಕಿ, ಮೇಲಿನ ಬಿಲ್ಲೆಯಿಂದ ಹಗುರವಾಗಿ ಒತ್ತಿ, ಕುದಿ ಬಂದ ನೀರನ್ನು ಒಂದು ನಿಮಿಷ ಬಿಟ್ಟು ಸುರಿದು ಮುಚ್ಚಿಟ್ಟರೆ ಆರು ಗಂಟೆಗೆ ಡಿಕಾಕ್ಷನ್ ಇಳಿದಿರುತ್ತದೆ. ಡಿಕಾಕ್ಷನ್ ಮತ್ತೆ ಕುದಿಸಬಾರದು, ಕುದಿಸಿದರೆ ಕಹಿ ಎದ್ದುಬಿಡುತ್ತದೆ. ಹಾಲು ಮಾತ್ರ ಚೆನ್ನಾಗಿ ಬಿಸಿ ಇರಬೇಕು. ಜನ ಜಾಸ್ತಿ ಇದ್ದ ದಿನ ಹಳೆ ಕಾಲದವರ ಹಾಗೆ ಪಾತ್ರೆಯಲ್ಲಿ ನೀರು ಕುದಿಸಿ, ಇಳಿಸಿ, ಪುಡಿ ಹಾಕಿ, ಐದು ನಿಮಿಷ ಮುಚ್ಚಿ ತೆಳು ಬಟ್ಟೆಯಲ್ಲಿ ಸೋಸಿದರೂ ಆಯಿತು, ಇಪ್ಪತ್ತು ಜನಕ್ಕೂ ಸಾಕಾಗುತ್ತದೆ.

ಇನ್ನೊಂದು ಅಭ್ಯಾಸ ಕೆಲವರಲ್ಲಿ ಇದೆ. ಬೆಳಗ್ಗೆ ಆರಕ್ಕೇ ಹಾಲು ಸಕ್ಕರೆ ಎಲ್ಲ ಬೆರೆಸಿದ ಕಾಫಿಯನ್ನು ದೊಡ್ಡ ಫ್ಲಾಸ್ಕಿಗೆ ಹಾಕಿ ಜಗಲಿಯಲ್ಲಿ ಇಟ್ಟುಬಿಡುವುದು, ಎದ್ದವರು ಎದ್ದ ಹಾಗೆ ಬಗ್ಗಿಸಿಕೊಳ್ಳಲಿ ಅಂತ. ಮೊದಲು ಎದ್ದವರಿಗೆ ಸರಿ. ಒಂಬತ್ತು ಗಂಟೆಗೆ ಎದ್ದವರಿಗೆ ಸಿಗುವುದು ಕಾಫಿ ಅಲ್ಲ, ಹಾಲು ಬೆಂದ ವಾಸನೆ. ಫ್ಲಾಸ್ಕಿನಲ್ಲಿ ಇಡಬೇಕಾದರೆ ಕಷಾಯ ಇಡಿ. ಕೊತ್ತಂಬರಿ ಬೀಜ, ಜೀರಿಗೆ, ತೋಟದ ಕರಿಮೆಣಸು, ಒಂದು ಏಲಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ಹಾಕಿ ಕುದಿಸಿದ ಕಷಾಯ ಎರಡು ಮೂರು ಗಂಟೆ ಇಟ್ಟರೂ ಕೆಡುವುದಿಲ್ಲ, ಹೊತ್ತು ಕಳೆದಷ್ಟೂ ಮೆಣಸಿನ ಖಾರ ಚೆನ್ನಾಗಿ ಬಿಡುತ್ತದೆ. ಮಳೆಯಲ್ಲಿ ನೆನೆದು ಬಂದವರಿಗೆ, ಘಾಟಿಯ ತಿರುವಿನಲ್ಲಿ ತಲೆ ಸುತ್ತಿ ಬಂದವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹಾಲು ಬೇಡ ಅನ್ನುವವರು ಈಗ ತುಂಬಾ ಬರುತ್ತಾರೆ. ಅವರಿಗೆ ಬೆಲ್ಲದ ಕಪ್ಪು ಕಾಫಿ ಕೊಡಿ, ನಮ್ಮ ಅಜ್ಜಿಯರು ಕುಡಿಯುತ್ತಿದ್ದದ್ದು ಅದನ್ನೇ.

ಚಹಾ ಕುಡಿಯುವವರಿಗೆ ಬಲವಂತದಿಂದ ಕಾಫಿ ಕುಡಿಸಬಾರದು ಅಂತಲೂ ಹೇಳಬೇಕು. ಉತ್ತರದ ಕಡೆಯಿಂದ ಬಂದವರಿಗೆ ಬೆಳಗ್ಗೆ ಶುಂಠಿ ಹಾಕಿದ ಖಡಕ್ ಚಾ ಇಲ್ಲದೆ ದಿನ ಶುರುವಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ಚಹಾ ತೋಟಗಳೂ ಇವೆ, ಶುಂಠಿಯನ್ನಂತೂ ನಮ್ಮ ಸುತ್ತಮುತ್ತ ಗದ್ದೆಗದ್ದೆಯಲ್ಲಿ ಬೆಳೆಯುತ್ತಾರೆ. ದಾರದ ಟೀ ಬ್ಯಾಗನ್ನು ಬಿಸಿನೀರಿಗೆ ಅದ್ದಿ ಕೊಡುವ ಬದಲು ಪಾತ್ರೆಯಲ್ಲಿ ಕುದಿಸಿದ ಚಹಾ ಕೊಟ್ಟರೆ ಅವರ ಮುಖವೇ ಬೇರೆ ಆಗುತ್ತದೆ.

ಇನ್ನು ತಿಂಡಿ. ಇಲ್ಲಿ ನಮ್ಮವರು ಹೆಚ್ಚು ತಪ್ಪುತ್ತಿರುವುದು ಬಫೆ ಮಾಡಲು ಹೋಗಿ. ಬ್ರೆಡ್ಡು, ಜಾಮು, ಆಮ್ಲೆಟ್ಟು, ಕಾರ್ನ್‌ಫ್ಲೇಕ್ಸ್, ಪೂರಿ, ಇಡ್ಲಿ, ಉಪ್ಪಿಟ್ಟು, ಹೀಗೆ ಆರೇಳು ಪಾತ್ರೆ ಸಾಲಾಗಿ ಜೋಡಿಸಿ ಮುಚ್ಚಳ ತೆಗೆದರೆ ಎಲ್ಲವೂ ಆರಿದ್ದು, ಅರ್ಧಕ್ಕರ್ಧ ಮಿಕ್ಕು ದನದ ಬಾನಿಗೆ. ಬಂದವರಿಗೆ ಅದು ಬೆಂಗಳೂರಿನ ಯಾವ ಹೋಟೆಲಿನಲ್ಲೂ ಸಿಗುತ್ತದೆ. ನನ್ನ ಪ್ರಕಾರ ಒಂದು ದಿನಕ್ಕೆ ಒಂದೇ ತಿಂಡಿ ಸಾಕು, ಬಿಸಿಬಿಸಿಯಾಗಿ, ಹೊಟ್ಟೆ ತುಂಬುವಷ್ಟು. ಜೊತೆಗೆ ತೋಟದ್ದೇ ಒಂದು ಹಣ್ಣು.

ಅಕ್ಕಿರೊಟ್ಟಿಯನ್ನೇ ತಗೊಳ್ಳಿ. ಬೆಂಗಳೂರಿನವರಿಗೆ ಅಕ್ಕಿರೊಟ್ಟಿ ಅಂದರೆ ಹಿಟ್ಟಿಗೆ ಈರುಳ್ಳಿ, ಕ್ಯಾರೆಟ್ಟು, ಸಬ್ಬಸಿಗೆ ಸೊಪ್ಪು ಹಾಕಿ ಬಾಣಲೆಗೆ ತಟ್ಟುವುದು. ನಮ್ಮ ಮಲೆನಾಡಿನದು ಬೇರೆ. ನೀರು ಕುದಿಸಿ ಹಿಟ್ಟು ಹಾಕಿ ಬೇಯಿಸಿ, ಬಿಸಿ ಇರುವಾಗಲೇ ಮಿದ್ದು, ಲಟ್ಟಿಸಿ, ಕಾವಲಿಯ ಮೇಲೆ ಒಂದು ಸಲ ಕಾಯಿಸಿ ಕೆಂಡಕ್ಕೆ ಹಾಕಿದರೆ ಪುಸ್ಸಂತ ಉಬ್ಬುತ್ತದೆ. ಅದನ್ನು ನೋಡಲು ಮಕ್ಕಳು ಒಲೆ ಬಿಟ್ಟು ಕದಲುವುದಿಲ್ಲ. ಅದಕ್ಕೆ ಎಣ್ಣೆಗಾಯಿ, ಒಂದು ಕಾಯಿ ಚಟ್ನಿ, ಮೇಲೆ ಬೆಣ್ಣೆ. ಸಾಕಲ್ಲ? ಮರುದಿನ ಕಡುಬು. ಅಕ್ಕಿ ತರಿಯನ್ನು ನೀರಿನಲ್ಲಿ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು, ಎಣ್ಣೆ ಇಲ್ಲ, ಮಸಾಲೆ ಇಲ್ಲ, ಹೊಟ್ಟೆಗೆ ಹಗುರ. ಸಸ್ಯಾಹಾರಿಗಳಿಗೆ ಚಟ್ನಿ, ತುಪ್ಪ ಅಥವಾ ಜೇನು, ಉಳಿದವರಿಗೆ ರಾತ್ರಿಯ ಕೋಳಿಸಾರು ಇದ್ದರೆ ಅದು. ಮೂರನೇ ದಿನಕ್ಕೂ ಉಳಿದರೆ ಒತ್ತು ಶ್ಯಾವಿಗೆ, ಕಾಯಿಹಾಲು. ನೀರುದೋಸೆಯಂತೂ ನಿಂತ ಕಾಲಲ್ಲಿ ಆಗುತ್ತದೆ. ಹಾಸನದ ಬಯಲು ಕಡೆಯವರಾದರೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಳಿಗಾಲದಲ್ಲಿ ಅವರೆಕಾಳು ಉಪ್ಪಿಟ್ಟು ಮಾಡಬಹುದು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ದೂರದೂರದಿಂದ ಅದನ್ನು ನೋಡಲು ಬರುವವರು ಹೊಯ್ಸಳರ ಊರಿನಲ್ಲಿ ಬ್ರೆಡ್ ಜಾಮ್ ತಿಂದು ಹೋದರೆ ಅದು ನಮಗೇ ನಷ್ಟ.

ಮಳೆಗಾಲದಲ್ಲಿ ಪ್ರವಾಸಿಗರು ಜಾಸ್ತಿ, ನಮ್ಮ ಅಡುಗೆಯೂ ಆಗ ಚೆನ್ನ. ಕೆಸುವಿನ ಎಲೆಯ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಅಣಬೆ ಸಾರು, ಅರಿಶಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು. ಇವುಗಳಲ್ಲಿ ಬಹಳಷ್ಟು ಸುಮ್ನೆ ಹಿತ್ತಲಲ್ಲೂ ತೋಟದಲ್ಲೂ ಸಿಗುತ್ತವೆ. ಎಚ್ಚರಿಕೆ ಮಾತ್ರ ಬೇಕು. ಕೆಸು ಸರಿಯಾಗಿ ಹುಳಿ ಹಾಕಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಕಳಲೆಯನ್ನು ನೀರು ಬದಲಿಸುತ್ತಾ ನೆನೆಸಿ ಚೆನ್ನಾಗಿ ಬೇಯಿಸಲೇಬೇಕು, ಅಣಬೆಯನ್ನು ಗುರುತು ಬಲ್ಲವರು ಕಿತ್ತಿದ್ದಾದರೆ ಮಾತ್ರ ಒಲೆಗೆ ಹಾಕಬೇಕು. ಅನುಮಾನ ಇದ್ದ ಅಣಬೆ ಅತಿಥಿಗಳಿಗೆ ಬೇಡವೇ ಬೇಡ. ಹಣ್ಣಿಗೆ ಪುಟ್ಟಬಾಳೆ ಇದೆ, ಕಾಲಕ್ಕೆ ಕಿತ್ತಳೆ ಇದೆ, ಬೆಣ್ಣೆಹಣ್ಣು (ಅವಕಾಡೊ) ಇದೆ. ಈ ಬೆಣ್ಣೆಹಣ್ಣನ್ನು ಪಟ್ಟಣದ ಕೆಫೆಗಳಲ್ಲಿ ಬ್ರೆಡ್ಡಿಗೆ ಸವರಿ ನೂರಾರು ರೂಪಾಯಿಗೆ ಮಾರುತ್ತಾರೆ, ನಮ್ಮ ಎಷ್ಟೋ ತೋಟಗಳಲ್ಲಿ ಅದು ಬಿದ್ದು ಕೊಳೆಯುತ್ತಿರುತ್ತದೆ.

ಈಗ ದುಡ್ಡಿನ ವಿಚಾರ ಬಿಚ್ಚಿ ಹೇಳುತ್ತೇನೆ, ಏಕೆಂದರೆ ತಿಂಡಿ ನಿಲ್ಲಿಸಲು ನಿಜವಾದ ಕಾರಣ ಇದೇ. ಬುಕಿಂಗ್ ಆ್ಯಪ್‌ಗಳಲ್ಲಿ ಕಡಿಮೆ ರೇಟು ಇದ್ದವರ ಹೆಸರು ಮೊದಲು ಕಣ್ಣಿಗೆ ಬೀಳುತ್ತದೆ ಅನ್ನುವ ಭಯ. ತಿಂಡಿಯ ದುಡ್ಡು ಸೇರಿಸಿದರೆ ರೇಟು ಏರುತ್ತದೆ, ಆ ದುಡ್ಡಿಗೂ ಆ್ಯಪ್‌ನವರಿಗೆ ಕಮಿಷನ್ ಹೋಗುತ್ತದೆ. ಅದಕ್ಕೆ 'ರೂಮ್ ಮಾತ್ರ' ಅಂತ ಹಾಕಿ, ಜನ ಬಂದು ಇಳಿದ ಮೇಲೆ ತಿಂಡಿಗೆ ತಲೆಗೆ ಇಷ್ಟು, ಕಾಫಿಗೆ ಇಷ್ಟು ಅಂತ ಹೇಳುವುದು. ಲೆಕ್ಕದಲ್ಲಿ ಸರಿ ಕಾಣಬಹುದು. ಆದರೆ ಬಂದವರ ಜಾಗದಲ್ಲಿ ನಿಂತು ನೋಡಿ. ಹತ್ತಿರದಲ್ಲಿ ಹೋಟೆಲ್ ಇಲ್ಲ, ಪೇಟೆಗೆ ಹೋಗಬೇಕಾದರೆ ಹತ್ತು ಹದಿನೈದು ಕಿಲೋಮೀಟರ್ ಕಚ್ಚಾ ರಸ್ತೆ, ಜೊತೆಗೆ ಸಣ್ಣ ಮಕ್ಕಳು, ಶುಗರ್ ಮಾತ್ರೆ ನುಂಗಿ ಕೂತ ಅಪ್ಪ. ಅವರಿಗೆ ಬೇರೆ ದಾರಿಯೇ ಇಲ್ಲ, ಕೇಳಿದಷ್ಟು ಕೊಡುತ್ತಾರೆ. ಕೊಟ್ಟು, ಮನಸ್ಸಿನಲ್ಲಿ ಬೈದುಕೊಂಡು ಹೋಗುತ್ತಾರೆ. ದಾರಿ ಕಾಣದವರಿಂದ ಹೀಗೆ ದುಡ್ಡು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ತಿಂಡಿಗೆ ತಲೆಗೆ 150 ರೂಪಾಯಿ ಬೇಕೆಂದು ಅನಿಸಿದರೆ ಅದನ್ನು ಬಾಡಿಗೆಗೆ ಸೇರಿಸಿ, 'ಬೆಳಗಿನ ತಿಂಡಿ, ಎರಡು ಹೊತ್ತಿನ ಕಾಫಿ ಸೇರಿ ಇಷ್ಟು' ಅಂತ ಮೊದಲೇ ಬರೆದುಬಿಡಿ. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಇಲಾಖೆಯ ಸ್ಕೀಮಿನ ಹೆಸರೇ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್'. ಅದರಲ್ಲಿ ಒಂದರಿಂದ ಆರು ರೂಮು, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸ ಇರಬೇಕು. ಮನೆಯವರು ಅಲ್ಲೇ ಇದ್ದು, ಬೆಳಗ್ಗೆ ತಮಗೆ ಮಾಡಿಕೊಳ್ಳುವ ತಿಂಡಿಯನ್ನೇ ಬಂದವರಿಗೂ ಬಡಿಸಲಿ ಅನ್ನುವ ಲೆಕ್ಕಾಚಾರ ಅದರಲ್ಲಿದೆ. ಮಾಲೀಕರು ಬೆಂಗಳೂರಿನಲ್ಲಿ ಇದ್ದು, ಇಲ್ಲಿ ಒಬ್ಬ ಹುಡುಗನ ಕೈಗೆ ಬೀಗದ ಕೈ ಕೊಟ್ಟು ನಡೆಸುವ ಜಾಗಕ್ಕೆ ಲಾಡ್ಜ್ ಅಂತ ಬೋರ್ಡು ಹಾಕಲಿ, ನನ್ನ ತಕರಾರಿಲ್ಲ.

ಇದನ್ನೆಲ್ಲ ಹೇಳುವಾಗ ಒಂದು ಮಾತನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಈ ರೊಟ್ಟಿ ತಟ್ಟುವವರು ಯಾರು? ಮನೆಯ ಹೆಂಗಸರು. ಆ್ಯಪ್‌ನಲ್ಲಿ ಹೋಸ್ಟ್ ಅಂತ ಗಂಡಸರ ಫೋಟೊ ಇರುತ್ತದೆ, ದುಡ್ಡು ಅವರ ಖಾತೆಗೆ ಹೋಗುತ್ತದೆ, ರಿವ್ಯೂನಲ್ಲಿ 'ಆಂಟಿ ಮಾಡಿದ ಕಡುಬು ಸೂಪರ್' ಅಂತ ಐದು ಸ್ಟಾರ್ ಬರುತ್ತದೆ. ಆಂಟಿಯ ಕೈಗೆ ಏನು ಬಂತು ಅಂತ ಯಾರೂ ಕೇಳುವುದಿಲ್ಲ. ತಿಂಡಿ ನಿಲ್ಲಿಸಿದ ಎಷ್ಟೋ ಮನೆಗಳಲ್ಲಿ ಒಳಗಿನ ಕಾರಣ ಇದೂ ಹೌದು, ಮಾಡಿ ಮಾಡಿ ಸಾಕಾಗಿರುತ್ತದೆ. ಶನಿವಾರ ಭಾನುವಾರ ಅವರಿಗೆ ನೆಂಟರ ಮನೆಗೆ ಹೋಗಲು ಆಗುವುದಿಲ್ಲ, ಹುಷಾರಿಲ್ಲದಿದ್ದರೂ ಒಲೆ ಮುಂದೆ ನಿಲ್ಲಬೇಕು. ನವೆಂಬರ್‌ನಿಂದ ಜನವರಿ, ರೊಬಸ್ಟಾ ತಳಿಯ ಕಾಫಿ ಇದ್ದರೆ ಮಾರ್ಚ್‌ವರೆಗೂ ಕೊಯ್ಲು. ಆಗ ಸಹಾಯಕ್ಕೆ ಬರುವ ಹೆಂಗಸರು ಹಣ್ಣು ಬಿಡಿಸಲು ಹೋಗುತ್ತಾರೆ, ಕಿಲೋ ಲೆಕ್ಕದಲ್ಲಿ ಅಲ್ಲಿ ಚೆನ್ನಾಗಿ ಸಿಗುತ್ತದೆ, ಹೋಗಬೇಡಿ ಅನ್ನಲು ನಮಗೇನು ಹಕ್ಕು? ಅದೇ ತಿಂಗಳುಗಳಲ್ಲಿ ಡಿಸೆಂಬರ್ ರಜೆಯ ರಶ್ಶು. ಆಗ ಒಬ್ಬರೇ ಹೆಂಗಸು ಹನ್ನೆರಡು ಜನಕ್ಕೆ ರೊಟ್ಟಿ ತಟ್ಟಿ, ಕೊಯ್ಲಿನವರಿಗೆ ಹತ್ತು ಗಂಟೆಯ ಕಾಫಿಯನ್ನೂ ಕಳಿಸಬೇಕು.

ಹಾಗಾಗಿ ಗಂಡಸರಿಗೆ ನೇರವಾಗಿಯೇ ಹೇಳುತ್ತೇನೆ. ತಿಂಡಿಯ ದುಡ್ಡು ಎಷ್ಟು ಅಂತ ಬಾಡಿಗೆಯೊಳಗೆ ಬೇರೆ ಗುರುತು ಮಾಡಿ, ಅದು ಅಡುಗೆ ಮಾಡಿದವರ ಖಾತೆಗೇ ಹೋಗಲಿ, ಅವರು ಹೆಂಡತಿ ಆಗಿರಲಿ, ಅತ್ತಿಗೆ ಆಗಿರಲಿ, ಕೆಲಸಕ್ಕೆ ಬರುವ ಹೆಂಗಸು ಆಗಿರಲಿ. ಕೊಯ್ಲಿನ ಕಾಲದಲ್ಲಿ ಎಲ್ಲ ರೂಮು ತೆರೆಯಬೇಡಿ, ಕೈಲಾದಷ್ಟೇ ಜನರನ್ನು ತಗೊಳ್ಳಿ. ಒಲೆಗೆ ಸೌದೆ ತರುವುದು, ಕಾಯಿ ತುರಿಯುವುದು, ಡಿಕಾಕ್ಷನ್ ಹಾಕುವುದು, ಲೋಟ ತೊಳೆಯುವುದು ನಿಮಗೂ ಬರುತ್ತದೆ. ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯನ್ನು ಪೂರ್ತಿ ನಮ್ಮ ಯಜಮಾನರೇ ನೋಡಿಕೊಳ್ಳುತ್ತಾರೆ, ಫಿಲ್ಟರ್ ತೊಳೆಯುವುದೂ ಸೇರಿ. ಅದರಿಂದ ನನಗೆ ರೊಟ್ಟಿಯ ಕಡೆ ಗಮನ ಕೊಡಲು ಆಗುತ್ತದೆ. ಒಂದೇ ತಿಂಡಿ ಸಾಕು ಅಂತ ನಾನು ಮೊದಲೇ ಹೇಳಿದ್ದಕ್ಕೂ ಇದೇ ಕಾರಣ, ಆರು ಬಗೆ ಮಾಡಲು ಹೊರಟರೆ ಮಾಡುವವರ ಸೊಂಟ ಹೋಗುತ್ತದೆ.

ಬಂದು ಉಳಿಯುವವರಿಗೂ ಎರಡು ಮಾತು. ಹಿಂದಿನ ದಿನ ಸಂಜೆಯೇ ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಜನ ತಿಂಡಿಗೆ ಇರುತ್ತೀರಿ ಅಂತ ಹೇಳಿಬಿಡಿ. ನಾನು ಬುಕಿಂಗ್ ಆದ ದಿನವೇ ವಾಟ್ಸಾಪ್‌ನಲ್ಲಿ ಕೇಳುತ್ತೇನೆ, ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತೀರಾ, ಶೇಂಗಾ ಗೇರುಬೀಜ ಆಗದವರು ಇದ್ದಾರಾ, ಶುಗರ್ ಇದೆಯಾ, ಸಣ್ಣ ಮಗು ಇದೆಯಾ ಅಂತ. ಜೈನರಾದರೆ ಗೆಡ್ಡೆಗೆಣಸೂ ಆಗುವುದಿಲ್ಲ, ಬೆಳಗ್ಗೆ ಎಂಟಕ್ಕೆ ಆಲೂಗಡ್ಡೆ ಪಲ್ಯ ಮುಂದಿಟ್ಟ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ. ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ ನೋಡಲು ನಾಲ್ಕೂವರೆಗೇ ಹೊರಡುವವರಿಗೆ ಬಾಳೆಎಲೆಯಲ್ಲಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡಬಹುದು, ಸಣ್ಣ ಫ್ಲಾಸ್ಕಿನಲ್ಲಿ ಕಷಾಯ ಕೊಡಬಹುದು. ರಾತ್ರಿಯೇ ಹೇಳಿದರೆ ಮಾತ್ರ. ಫ್ಲಾಸ್ಕು ವಾಪಸ್ ತನ್ನಿ, ಎಲೆಯನ್ನೂ ಕವರನ್ನೂ ಬೆಟ್ಟದಲ್ಲಿ ಬಿಸಾಡಬೇಡಿ. ಹನ್ನೊಂದು ಗಂಟೆಗೆ ಎದ್ದು ಬಿಸಿರೊಟ್ಟಿ ಕೇಳಿದರೆ ಮಾತ್ರ ಆಗುವುದಿಲ್ಲ, ಆ ಹೊತ್ತಿಗೆ ಒಲೆಯ ಮೇಲೆ ಮಧ್ಯಾಹ್ನದ ಅನ್ನ ಇರುತ್ತದೆ.

ಶುಚಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ದುಡ್ಡು ತಗೊಂಡು ಊಟ ತಿಂಡಿ ಕೊಡುವವರು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ಸಣ್ಣವರಿಗೆ ನೋಂದಣಿ ಸಾಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಗ್ಯಾಸ್ ಕೂಡ ಮನೆಬಳಕೆಯ ಸಿಲಿಂಡರ್ ಬೇಡ, 19 ಕಿಲೋದ ಕಮರ್ಷಿಯಲ್ ಸಿಲಿಂಡರ್ ತಗೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಮೇಲಿನ ತೋಟಗಳ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಹಳ್ಳಕ್ಕೆ ಸೇರುವ ಕಡೆ ಕುಡಿಯುವ ನೀರಿನ ಬಗ್ಗೆ ಇನ್ನೂ ಹುಷಾರಾಗಿರಬೇಕು. ಹಳ್ಳದ ನೀರನ್ನು ಕುದಿಸಿದರೆ ಸಾಕು ಅಂತ ಕೂರಬೇಡಿ, ಆ ತಿಂಗಳುಗಳಲ್ಲಿ ಬಾವಿಯದೋ ಬೋರಿನದೋ ನೀರು ಬಳಸಿ, ಅದನ್ನೂ ಕುದಿಸಿಯೇ ಕೊಡಿ.

ಕೊನೆಯದಾಗಿ ಪ್ರವಾಸೋದ್ಯಮ ಇಲಾಖೆಯವರಿಗೆ ಮತ್ತು ಕಾಫಿ ಬೋರ್ಡಿನವರಿಗೆ ಒಂದು ಕೋರಿಕೆ. ಕಾಫಿ ಬೋರ್ಡು 'ಕಾಪಿ ಶಾಸ್ತ್ರ' ಅಂತ ಹುರಿಯುವುದು, ಕಾಫಿ ಮಾಡುವುದು ಕಲಿಸುವ ತರಬೇತಿ ನಡೆಸುತ್ತದೆ. ಅದಕ್ಕೆ ಬೆಂಗಳೂರಿಗೆ ಹೋಗಿ ದಿನಗಟ್ಟಲೆ ಉಳಿದುಕೊಳ್ಳಲು ನಮ್ಮಂಥ ಹೆಂಗಸರಿಂದ ಆಗುವುದಿಲ್ಲ, ದನ ಕರು, ಮಕ್ಕಳ ಸ್ಕೂಲು, ತೋಟ ಎಲ್ಲ ಬಿಟ್ಟು ಹೋಗುವುದು ಹೇಗೆ? ಚಿಕ್ಕಮಗಳೂರಿನಲ್ಲಿ ಕಾಫಿ ಬೋರ್ಡಿನದೇ ಕಾಫಿ ಮ್ಯೂಸಿಯಂ ಇದೆ, ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಇದೆ. ಅಲ್ಲೇ, ಕನ್ನಡದಲ್ಲಿ, ಒಂದು ದಿನದ ತರಬೇತಿ ಇಡಿ. ಬೀಜ ಆರಿಸುವುದು, ಮನೆಮಟ್ಟಿಗೆ ಹುರಿಯುವುದು, ಅರೇಬಿಕಾ ರೊಬಸ್ಟಾ ಎಷ್ಟೆಷ್ಟು ಬೆರೆಸಿದರೆ ಏನು ರುಚಿ, ಬಂದವರಿಗೆ ಎರಡು ಮಾತಿನಲ್ಲಿ ಹೇಗೆ ವಿವರಿಸುವುದು, ಇಷ್ಟು ಸಾಕು. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಬೇಸಿಗೆ ರಜೆಯ ರಶ್ಶು ಶುರುವಾಗುವುದರೊಳಗೆ, ಮಾರ್ಚ್ ಕೊನೆಯ ಒಂದು ವಾರದ ನಡುವಿನ ದಿನ ಇಟ್ಟರೆ ಬರಲು ಆಗುತ್ತದೆ. ಹೋಂಸ್ಟೇ ನೋಂದಣಿ ಕಾಗದ ಯಾರ ಹೆಸರಿನಲ್ಲಿದೆ ಅಂತ ನೋಡಿ ಅವರಿಗೆ ಮಾತ್ರ ಆಹ್ವಾನ ಕಳಿಸಬೇಡಿ. ಆ ಮನೆಯಲ್ಲಿ ಅಡುಗೆ ಮಾಡುವವರು ಯಾರು ಅಂತ ಕೇಳಿ ಅವರನ್ನು ಕರೆಯಿರಿ.

ಇಂತಿ,
ಹೋಂಸ್ಟೇ ನಡೆಸುವ ಒಬ್ಬ ಗೃಹಿಣಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ